ಈಸೂರಿನ ಮೇಷ್ಟ್ರ ಮಗ

(ಶಿಕಾರಿಪುರ–ಸೊರಬ ಸೀಮೆಯ ಶಿಕ್ಷಕರನ್ನು ಕುರಿತ ದತ್ತಿ ಉಪನ್ಯಾಸದ ಬರಹರೂಪ)

ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1926ರ ಫೆಬ್ರವರಿ 7ರಂದು ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರಿಗೆ ಗಂಡು ಮಗು ಹುಟ್ಟಿತು. ತಂದೆ ಶಾಂತವೀರಪ್ಪ, ತಾಯಿ ವೀರಮ್ಮ. ಎಂಬತ್ತು ವರ್ಷಗಳ ನಂತರ, 2006ರ ರಾಜ್ಯೋತ್ಸವದ ದಿನ, ಕರ್ನಾಟಕ ಸರ್ಕಾರ ಆ ಮಗನನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಗೋವಿಂದ ಪೈ, ಕುವೆಂಪು ಅವರ ನಂತರ ಆ ಹೆಸರಿಗೆ ಪಾತ್ರರಾದ ಮೂರನೆಯವರು ಜಿ.ಎಸ್. ಶಿವರುದ್ರಪ್ಪ.

ಕವಿ ಶಿವರುದ್ರಪ್ಪನವರ ಬಗ್ಗೆ ಈ ಸೀಮೆಯ ವೇದಿಕೆಗಳಲ್ಲಿ ಸಾಕಷ್ಟು ಮಾತಾಗಿದೆ. ಮೇಷ್ಟ್ರು ಶಿವರುದ್ರಪ್ಪನವರ ಬಗ್ಗೆ ಆಗಿರುವುದು ಕಡಿಮೆ. 1949ರಲ್ಲಿ ಬಿ.ಎ. ಮುಗಿಸಿ ಅಧ್ಯಾಪಕರಾದವರು ಅರವತ್ತು ತುಂಬುವವರೆಗೂ ಅದೇ ಕೆಲಸದಲ್ಲಿದ್ದರು. ಕವಿತೆ, ವಿಮರ್ಶೆ, ಪ್ರವಾಸಕಥನ ಎಲ್ಲವೂ ಪಾಠ ಮಾಡಿ ಉಳಿದ ಹೊತ್ತಿನಲ್ಲಿ ಬಂದದ್ದು.

ನಿವೃತ್ತ ಮೇಷ್ಟ್ರೊಬ್ಬರನ್ನು ಜಗಲಿಯಲ್ಲಿ ಕೂರಿಸಿ ಮಾತಿಗೆಳೆದರೆ ಮೂರು ವಿಷಯ ಬಂದೇ ಬರುತ್ತವೆ: ದೇವರು, ಸರ್ವಿಸು, ಸ್ನೇಹಿತರು. ಈ ಉಪನ್ಯಾಸದ ವಿಷಯವೂ ಆ ಮೂರೇ. ಅದರ ನಡುವಿನಲ್ಲಿ ಶಿವರುದ್ರಪ್ಪನವರಿದ್ದಾರೆ. ಸುತ್ತ ಇದೇ ಜಿಲ್ಲೆಯ ಇನ್ನೂ ಕೆಲವು ಮೇಷ್ಟ್ರುಗಳಿದ್ದಾರೆ. ಶಿಕಾರಿಪುರ ಮತ್ತು ಸೊರಬದ ನೆಲದಲ್ಲಿ ನಂಬಿಕೆ ಎಂಬುದು ಪ್ರಶ್ನೆಯ ಜೊತೆಯಲ್ಲೇ ಬೆಳೆದು ಬಂದಿದೆ, ಆ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಕೆಲಸವನ್ನು ಮೇಷ್ಟ್ರುಗಳು ಮಾಡಿಕೊಂಡು ಬಂದಿದ್ದಾರೆ ಎಂಬುದು ಇಲ್ಲಿ ಹೇಳಬೇಕಾದ ಮಾತು.

ಆ ಕಾಲದ ಮೇಷ್ಟ್ರ ಮನೆ ಹೇಗಿರುತ್ತಿತ್ತು ಎಂಬುದು ಇಲ್ಲಿ ಕುಳಿತಿರುವ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಸಂಬಳ ಸಣ್ಣದು, ಗೌರವ ದೊಡ್ಡದು. ಮಿಲಿಟರಿಯಲ್ಲಿದ್ದ ಮಗನ ಕಾಗದ ಓದಿಸಿಕೊಳ್ಳಲು ಬರುವವರು, ಅಮಲ್ದಾರರಿಗೆ ಅರ್ಜಿ ಬರೆಸಿಕೊಳ್ಳಲು ಬರುವವರು, ಅಣ್ಣತಮ್ಮಂದಿರ ಪಾಲಿನ ಜಗಳ ತಂದು ಮುಂದಿಡುವವರು, ಎಲ್ಲರೂ ಅದೇ ಬಾಗಿಲಿಗೆ. ವರ್ಗವಾದರೆ ಗಾಡಿಗೆ ಸಾಮಾನು ಹೇರಿಕೊಡುವವರೂ ಅವರೇ. ಅಂಥ ಮನೆಯಲ್ಲಿ ಬೆಳೆದ ಹುಡುಗ ಊರಿನ ಎಲ್ಲ ಜಾತಿಯವರ ಕಷ್ಟವನ್ನೂ ಅಪ್ಪನ ಬಾಯಿಂದ, ಅಪ್ಪನ ಕೈಬರಹದಲ್ಲಿ ಕೇಳಿ ನೋಡಿ ಬೆಳೆಯುತ್ತಾನೆ. ಶಿವರುದ್ರಪ್ಪನವರ ಬರಹದಲ್ಲಿ ಯಾರ ಮೇಲೂ ಕೂಗಾಡದ ಒಂದು ತಾಳ್ಮೆ ಇದೆಯಲ್ಲ, ಅದರ ಬೇರನ್ನು ಅಲ್ಲಿ ಹುಡುಕಬಹುದು.

ಅವರು ಹುಟ್ಟಿದ ಊರಿಗೆ ಮಾತ್ರ ಅಂಥ ತಾಳ್ಮೆಯ ಅವಕಾಶ ಸಿಗಲಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಬಿಸಿಯಲ್ಲಿ ಈಸೂರಿನ ಜನ ತಮ್ಮ ಹಳ್ಳಿ ಸ್ವತಂತ್ರವೆಂದು ಸಾರಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ನಾಡಿಗೆಲ್ಲ ಹಬ್ಬಿತು. ಊರಿನವರು ಇಬ್ಬರು ಹುಡುಗರನ್ನು ಆರಿಸಿ ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದರು. ಮಕ್ಕಳಾದರೆ ಸರ್ಕಾರ ಶಿಕ್ಷೆ ಕೊಡಲಾಗದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ನಿಜವಾದ ಅಧಿಕಾರಿಗಳು ಊರೊಳಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಊರಿನ ಮೇಲೆ ಬಿದ್ದ ಪೆಟ್ಟು ಸಣ್ಣದಲ್ಲ. ಜನ ಮನೆ ಬಿಟ್ಟು ಕಾಡು ಸೇರಿದರು, ಹೆಂಗಸರೂ ಜೈಲು ಕಂಡರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನ ಮೇಷ್ಟ್ರ ಮಗನಿಗೆ ಆಗಷ್ಟೇ ಹದಿನೇಳು ತುಂಬಿತ್ತು.

ಹುಟ್ಟೂರಿನ ಹೆಸರು ನೇಣಿನ ಜೊತೆ ಸೇರಿಕೊಂಡ ಮೇಲೆ ಒಬ್ಬ ಯುವಕ ಏನಾಗಬಹುದು? ರೊಚ್ಚಿಗೇಳಬಹುದು, ಇಲ್ಲವೇ ಊರನ್ನೇ ಮರೆಯಬಹುದು. ಶಿವರುದ್ರಪ್ಪ ಮೇಷ್ಟ್ರಾದರು. ಅಪ್ಪ ಮಾಡಿದ ಕೆಲಸವನ್ನೇ ಇನ್ನೂ ದೊಡ್ಡ ತರಗತಿಯಲ್ಲಿ ಮಾಡಿದರು.

ಮೈಸೂರಿನಲ್ಲಿ ಅವರಿಗೆ ಸಿಕ್ಕಿದ್ದು ಕುವೆಂಪು ಎಂಬ ಗುರು. ಇದೊಂದು ಸರಪಳಿ. ತೀರ್ಥಹಳ್ಳಿ ಕಡೆಯ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರನ್ನು ಕನ್ನಡಕ್ಕೆ ಎಳೆದುಕೊಂಡವರು ಟಿ.ಎಸ್. ವೆಂಕಣ್ಣಯ್ಯ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಶಿಷ್ಯ ತಮ್ಮ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಅಂಥ ಶಿಷ್ಯನ ಶಿಷ್ಯರಾಗಿ ಶಿವರುದ್ರಪ್ಪ ಎಂ.ಎ. ಮುಗಿಸಿದರು, ಅವರ ಮಾರ್ಗದರ್ಶನದಲ್ಲೇ ‘ಸೌಂದರ್ಯ ಸಮೀಕ್ಷೆ’ ಎಂಬ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಗುರುವಿನ ನೆರಳಿನಲ್ಲೇ ನಿಂತು ಸಣ್ಣವರಾಗಿ ಉಳಿಯುವ ಶಿಷ್ಯರನ್ನು ಎಲ್ಲ ಕಾಲದಲ್ಲೂ ಕಾಣಬಹುದು. ಶಿವರುದ್ರಪ್ಪ ಹಾಗಾಗಲಿಲ್ಲ. ಕುವೆಂಪು ಅವರ ಗಟ್ಟಿ ಕಂಠ, ಎತ್ತರದ ಮಾತು, ಮಹಾಕಾವ್ಯದ ಹಂಬಲ ಇವುಗಳನ್ನು ಗೌರವಿಸುತ್ತಲೇ ತಮ್ಮದು ಮೆಲುದನಿಯೆಂದು ಬೇಗ ಕಂಡುಕೊಂಡರು. ಗುರುವಿನಿಂದ ಕಲಿತೂ ಗುರುವಿನಂತಾಗದೆ ಇರುವುದು ಶಿಷ್ಯವೃತ್ತಿಯ ಕಠಿಣ ಪಾಠ, ಅದಕ್ಕೆ ಅಡ್ಡಬಾರದ ಗುರುವೂ ಬೇಕು.

1963ರಿಂದ 1966ರವರೆಗೆ ಅವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಉರ್ದು, ತೆಲುಗಿನ ನಡುವೆ ಕನ್ನಡ ಕಲಿಸುವುದು ಬೇರೆಯದೇ ಅನುಭವ. 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬಂದರು, ನಂತರ ಅಲ್ಲಿನ ಕನ್ನಡ ಅಧ್ಯಯನ ಕೇಂದ್ರದ ನಿರ್ದೇಶಕರಾದರು. ವರ್ಷವರ್ಷದ ಸಾಹಿತ್ಯ ಸಮೀಕ್ಷೆ, ಹಲವು ಸಂಪುಟಗಳ ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’, ವಿಚಾರ ಸಂಕಿರಣಗಳು ಆ ಕೇಂದ್ರದ ಗುರುತಾದವು. ಇಂಥ ಯೋಜನೆಗಳನ್ನು ಹೊರಗಿನಿಂದ ನೋಡುವವರಿಗೆ ಪುಸ್ತಕ ಮಾತ್ರ ಕಾಣುತ್ತದೆ. ಒಳಗಿದ್ದವರಿಗೆ ಗೊತ್ತು: ಒಬ್ಬರ ಲೇಖನ ಬಂದಿಲ್ಲ, ಇನ್ನೊಬ್ಬರ ಲೇಖನ ಅತಿ ಉದ್ದ, ಮತ್ತೊಬ್ಬರಿಗೆ ಸಂಪಾದಕರು ಕೈಹಾಕಿದ್ದಕ್ಕೆ ಕೋಪ. ಇಷ್ಟನ್ನೂ ಹೊಂದಿಸಿಕೊಂಡು ವರ್ಷಗಟ್ಟಲೆ ಕೆಲಸ ನಡೆಸಬೇಕಾದರೆ ಮನುಷ್ಯರ ಮೇಲೆ ವಿಶ್ವಾಸವಿರಬೇಕು.

ಆ ವಿಭಾಗದಲ್ಲಿ ಯಾರು ಯಾರಿದ್ದರು ಎಂಬುದನ್ನು ನೆನೆದರೆ ಆ ವಿಶ್ವಾಸದ ಅಗಲ ತಿಳಿಯುತ್ತದೆ. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರಾದ ಎಂ. ಚಿದಾನಂದಮೂರ್ತಿ ಸಹೋದ್ಯೋಗಿ. ದಲಿತ ಕಾವ್ಯದ ಮೊದಲ ದೊಡ್ಡ ದನಿಯಾದ ಸಿದ್ಧಲಿಂಗಯ್ಯ ಅಲ್ಲೇ ಓದಿ ಅಲ್ಲೇ ಅಧ್ಯಾಪಕರಾದರು. ದೊಡ್ಡಬಳ್ಳಾಪುರದ ಡಿ.ಆರ್. ನಾಗರಾಜ್ ಕೂಡ ಹಾಗೆಯೇ. ಮುಂದೆ ಈ ಮೂವರೂ ಮೂರು ದಾರಿ ಹಿಡಿದರು. ಧರ್ಮದ ಪ್ರಶ್ನೆ ಬಂದಾಗ ಚಿದಾನಂದಮೂರ್ತಿಯವರ ನಿಲುವಿಗೂ ಸಿದ್ಧಲಿಂಗಯ್ಯನವರ ನಿಲುವಿಗೂ ತಾಳೆಯಾಗುವುದು ಕಷ್ಟ. ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಅಷ್ಟು ಬೇರೆ ಬೇರೆ ಮನಸ್ಸುಗಳು ಬೆಳೆದವು ಎಂಬುದೇ ಆ ಕೊಠಡಿಯ ಹೆಗ್ಗಳಿಕೆ. ಇವತ್ತಿನ ಕಾಲೇಜುಗಳಲ್ಲಿ ಅಭಿಪ್ರಾಯ ಬೇರೆಯಾದ ಕೂಡಲೇ ಕಾಫಿಯ ಮೇಜೂ ಬೇರೆಯಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಚಿದಾನಂದಮೂರ್ತಿಯವರ ಹೆಸರು ಬಂದ ಮೇಲೆ ಶಾಸನಗಳ ಕಡೆ ಹೊರಳದೆ ಇರಲಾಗದು. ಕನ್ನಡ ಶಾಸನಗಳಿಂದ ಜನರ ಬದುಕನ್ನು ಓದುವುದು ಹೇಗೆಂದು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದವರು ಅವರು. ಅಂಥ ಓದಿಗೆ ಶಿಕಾರಿಪುರ, ಸೊರಬಗಳಷ್ಟು ಶ್ರೀಮಂತವಾದ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ. ಈ ಶಾಸನಗಳನ್ನು ಮೊದಲು ವ್ಯವಸ್ಥಿತವಾಗಿ ಅಚ್ಚುಹಾಕಿಸಿದ ಬಿ.ಎಲ್. ರೈಸ್ ಕೂಡ ಮೇಷ್ಟ್ರಿಕೆಯಿಂದ ಬಂದವರೇ. ಬೆಂಗಳೂರಿನಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದು, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಊರೂರು ಸುತ್ತಿದವರು. ಶಾಲೆ ತಪಾಸಣೆಗೆ ಹೋದಲ್ಲಿ ಗುಡಿಯ ಮುಂದಿನ ಕಲ್ಲುಗಳ ಮೇಲೂ ಅವರ ಕಣ್ಣು ಬಿತ್ತು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ, ಎಂಟನೆಯದರಲ್ಲಿ ಸೊರಬದ ಶಾಸನಗಳಿವೆ.

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಸ್ತಂಭವನ್ನೇ ನೋಡಿ. ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಕಾವ್ಯ ಅಲ್ಲಿದೆ. ಕದಂಬರ ರಾಜ್ಯ ಕಟ್ಟಿದ ಮಯೂರಶರ್ಮನ ಕಥೆ ಆರಂಭವಾಗುವುದು ಒಬ್ಬ ಗುರುವಿನಿಂದ. ಗುರು ವೀರಶರ್ಮನ ಜೊತೆಯಲ್ಲಿ ಮಯೂರ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗುತ್ತದೆ. ದರ್ಭೆ ಹಿಡಿಯಬೇಕಾದ ಕೈ ಕತ್ತಿ ಹಿಡಿಯುತ್ತದೆ. ಎಲ್ಲರ ಗಮನ ಕತ್ತಿಯ ಕಡೆ ಹೋಗುತ್ತದೆ. ತಾಳಗುಂದದಿಂದ ಕಂಚಿಯವರೆಗೆ ಶಿಷ್ಯನ ಜೊತೆ ದಾರಿ ಸವೆಸಿದ ಗುರು ಆಮೇಲೆ ಏನಾದನೆಂದು ಕೇಳುವವರಿಲ್ಲ. ಶಿಷ್ಯ ಅರಸನಾದ ಸುದ್ದಿ ಆತನಿಗೆ ಹೆಮ್ಮೆ ತಂದಿತೋ, ಓದು ನಿಂತಿತಲ್ಲ ಎಂಬ ಬೇಸರ ಉಳಿಯಿತೋ? ಈ ಪ್ರಶ್ನೆ ಕೇಳುವವರು ಮೇಷ್ಟ್ರುಗಳೇ ಇರಬೇಕು.

ಅದೇ ತಾಳಗುಂದದ ಹನ್ನೆರಡನೆಯ ಶತಮಾನದ ಶಾಸನವೊಂದು ಅಗ್ರಹಾರದ ವಿದ್ಯಾಭ್ಯಾಸಕ್ಕೆ ಬಿಟ್ಟ ದತ್ತಿಯ ವಿವರ ಕೊಡುತ್ತದೆ. ವೇದ, ವ್ಯಾಕರಣ ಹೇಳಿಕೊಡುವವರ ಸಾಲಿನಲ್ಲೇ ಕನ್ನಡದ ಅಕ್ಷರ ಕಲಿಸುವವನಿಗೂ ಜಾಗವಿದೆ. ಓದುವ ಹುಡುಗರ ಊಟಕ್ಕೆ, ಅಡುಗೆಯವರಿಗೆ ಏರ್ಪಾಡಿದೆ. ಅನ್ನ ಕೊಟ್ಟು ಅಕ್ಷರ ಕಲಿಸಬೇಕೆಂಬ ತಿಳಿವಳಿಕೆ ಇಲ್ಲಿ ಒಂಬತ್ತು ಶತಮಾನಗಳಷ್ಟು ಹಳೆಯದು. ಶಾಲೆಯ ಬಿಸಿಯೂಟವನ್ನು ಹಗುರವಾಗಿ ಕಾಣುವವರು ತಾಳಗುಂದಕ್ಕೆ ಒಮ್ಮೆ ಹೋಗಿ ಬರಬೇಕು.

ಬಳ್ಳಿಗಾವಿಯ ಕೋಡಿಯ ಮಠದ ಕಥೆ ಇನ್ನೂ ದೊಡ್ಡದು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಆ ಕಾಳಾಮುಖ ಮಠದಲ್ಲಿ ಏನೇನು ಕಲಿಸುತ್ತಿದ್ದರೆಂದು ಸಾಲುಸಾಲಾಗಿ ಹೇಳುತ್ತದೆ: ನಾಲ್ಕು ವೇದ, ಪಾಣಿನಿಯ ವ್ಯಾಕರಣದ ಜೊತೆಗೆ ಶಾಕಟಾಯನನ ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಪುರಾಣ, ಕಾವ್ಯ, ನಾಟಕ. ಶಾಕಟಾಯನ ಜೈನ; ಬೌದ್ಧರು ವೇದವನ್ನು ಒಪ್ಪದವರು. ಶೈವ ಮಠದ ಪಾಠಪಟ್ಟಿಯಲ್ಲಿ ಅವರಿಬ್ಬರಿಗೂ ಜಾಗವಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ, ಎಲ್ಲ ಜೀವಿಗಳಿಗೂ ಅಭಯದ ಜಾಗ ಎಂದು ಶಾಸನ ಆ ಮಠವನ್ನು ಬಣ್ಣಿಸುತ್ತದೆ. ಶಾಸನದ ಹೊಗಳಿಕೆಯಲ್ಲಿ ಸ್ವಲ್ಪ ಅತಿ ಇದ್ದೀತು. ಆದರೂ ಒಂದು ಸಂಸ್ಥೆ ಯಾವ ಮಾತಿನಿಂದ ಹೊಗಳಿಸಿಕೊಳ್ಳಲು ಬಯಸುತ್ತದೆ ಎಂಬುದರಿಂದ ಆ ಕಾಲದ ಮನಸ್ಸು ತಿಳಿಯುತ್ತದೆ.

ಸೊರಬದ ಕಡೆ ಕುಪ್ಪಟೂರಿನಲ್ಲಿ, ಆನವಟ್ಟಿಯ ಮಗ್ಗುಲಲ್ಲಿ, 1077ರಲ್ಲಿ ಕದಂಬ ರಾಣಿ ಮಾಳಲದೇವಿ ಪಾರ್ಶ್ವನಾಥನ ಬಸದಿ ಕಟ್ಟಿಸಿದಳು. ಅಲ್ಲಿನ ಅಗ್ರಹಾರದ ಬ್ರಾಹ್ಮಣರು ಆ ಬಸದಿಗೆ ಬ್ರಹ್ಮ ಜಿನಾಲಯವೆಂದು ತಾವೇ ಹೆಸರಿಟ್ಟರು. ನೆರೆಯವರ ದೇವರಿಗೆ ಹೆಸರಿಡುವಷ್ಟು ಸಲಿಗೆ ಇದ್ದ ಕಾಲ ಅದು. ಆಗಲೂ ಧರ್ಮಧರ್ಮಗಳ ಜಗಳಗಳಿದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಜಗಳದ ನಡುವೆಯೂ ಇಂಥದ್ದು ಸಾಧ್ಯವಾಯಿತು ಎಂಬುದಕ್ಕೆ ಬೆಲೆ.

ಈ ಪಾಠಪಟ್ಟಿ, ಈ ಸಲಿಗೆಗಳ ಮಗ್ಗುಲಲ್ಲೇ ಅಲ್ಲಮಪ್ರಭು ಮತ್ತು ಅಕ್ಕಮಹಾದೇವಿ ಹುಟ್ಟಿದರು. ಅಲ್ಲಮ ಬಳ್ಳಿಗಾವಿಯವನು, ಅಕ್ಕ ಉಡುತಡಿಯವಳು. ಒಂದೇ ತಾಲ್ಲೂಕಿನ ಅಕ್ಕಪಕ್ಕದ ಊರುಗಳು. ಊರಲ್ಲಿ ಭೇಟಿಯಾಗದವರು ದೂರದ ಕಲ್ಯಾಣದಲ್ಲಿ ಎದುರುಬದುರಾದರು. ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ ಆ ಭೇಟಿಯನ್ನು ಸಂಭಾಷಣೆಯ ರೂಪದಲ್ಲಿ ಕಟ್ಟಿಕೊಡುತ್ತದೆ. ಗಂಡನ ಅರಮನೆ ಬಿಟ್ಟು, ಬಟ್ಟೆ ಬಿಟ್ಟು ಬಂದ ಹೆಣ್ಣುಮಗಳನ್ನು ಅಲ್ಲಮ ಮೆಚ್ಚುಗೆಯ ಮಾತಿನಿಂದ ಒಳಗೆ ಕರೆಯುವುದಿಲ್ಲ. ನಿನ್ನ ಗಂಡನ ಕುರುಹು ಹೇಳು, ದೇಹದ ಹಂಗು ತೊರೆದವಳಿಗೆ ಕೂದಲ ಮರೆ ಏಕೆ ಎಂದು ಒಂದರ ಮೇಲೊಂದು ಕಠಿಣ ಪ್ರಶ್ನೆ ಹಾಕುತ್ತಾನೆ. ಆಕೆ ಅಳುಕದೆ ಉತ್ತರಿಸುತ್ತಾಳೆ. ಕೊನೆಗೆ ಪ್ರಶ್ನೆ ಕೇಳಿದವನೇ ತಲೆಬಾಗುತ್ತಾನೆ. ಕನ್ನಡದಲ್ಲಿ ನಡೆದ ಅತ್ಯಂತ ದೊಡ್ಡ ಮೌಖಿಕ ಪರೀಕ್ಷೆ ಇದು. ಪರೀಕ್ಷೆ ಮಾಡಿದವರೂ ಕೊಟ್ಟವರೂ ಶಿಕಾರಿಪುರ ತಾಲ್ಲೂಕಿನವರೆಂಬುದನ್ನು ಇಲ್ಲಿಯ ಪ್ರತಿ ತರಗತಿಯಲ್ಲೂ ಹೇಳಬೇಕು. ಶಿವರುದ್ರಪ್ಪನವರ ವಿಭಾಗದಲ್ಲಿ ಬೆಳೆದ ಡಿ.ಆರ್. ನಾಗರಾಜ್ ತಮ್ಮ ಕೊನೆಯ ವರ್ಷಗಳಲ್ಲಿ ದುಡಿದದ್ದು ಇದೇ ಅಲ್ಲಮನ ಮೇಲೆ. ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಹೊರಬಂದಾಗ ಅವರ ಉಸಿರು ನಿಂತಿತ್ತು. 1998ರಲ್ಲೇ, ಐವತ್ತೂ ತುಂಬದೆ ಹೋದರು.

ಅಕ್ಕನ ಬೆತ್ತಲೆಯ ಮಾತು ಬಂದರೆ ಸೊರಬದ ಚಂದ್ರಗುತ್ತಿ ನೆನಪಾಗದೆ ಇರದು. ಗುಡ್ಡದ ಮೇಲಿನ ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ, ಬೇವಿನ ಸೊಪ್ಪು ಹಿಡಿದು ಗುಡಿಯವರೆಗೆ ನಡೆಯುವ ಪದ್ಧತಿ ಇತ್ತು. ಹೀಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಹಾಗೂ ಹಿಂದುಳಿದ ಸಮುದಾಯಗಳ ಬಡವರು; ಅವರಲ್ಲಿ ಹೆಂಗಸರು, ಮಕ್ಕಳು. 1986ರ ಮಾರ್ಚ್‌ನ ಜಾತ್ರೆಯಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಇದನ್ನು ತಡೆಯಲು ಬಂದಾಗ ಗಲಭೆಯಾಯಿತು. ಕಾರ್ಯಕರ್ತರು ಮತ್ತು ಪೊಲೀಸರು ಏಟು ತಿಂದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ನಂತರ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪ ಯಾರು? ಅವರೂ ಕನ್ನಡ ಮೇಷ್ಟ್ರು. 1938ರಲ್ಲಿ ಹರಿಹರದಲ್ಲಿ ಹುಟ್ಟಿ ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ಪಾಠ ಮಾಡಿದವರು. ಬೆಳಿಗ್ಗೆ ತರಗತಿಯಲ್ಲಿ ಹಳಗನ್ನಡ, ಸಂಜೆ ಕೇರಿಗಳಲ್ಲಿ ಸಭೆ, ರಜೆ ಬಂದರೆ ಭೂಮಿಯ ಹೋರಾಟ, ಹೀಗೆ ಅವರ ದಿನಗಳು ಕಳೆದವು. ಇದೇ ಜಿಲ್ಲೆಯ ಇನ್ನೊಬ್ಬ ಮೇಷ್ಟ್ರು, ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಯು.ಆರ್. ಅನಂತಮೂರ್ತಿ, ಚಂದ್ರಗುತ್ತಿಯ ಘಟನೆಯನ್ನು ಎದುರಿಗಿಟ್ಟುಕೊಂಡು ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧ ಬರೆದರು. ವೈಚಾರಿಕತೆಯನ್ನು ಒಪ್ಪುವ ಮನಸ್ಸು ಅವರಲ್ಲಿ ಒಂದು ಕಡೆ. ಆ ಬಡ ಭಕ್ತರ ನಂಬಿಕೆಯಲ್ಲಿ ಓದಿದವರ ಕೈಗೆ ದಕ್ಕದ್ದೇನೋ ಇದೆ ಎಂಬ ಅಳುಕು ಇನ್ನೊಂದು ಕಡೆ. ಆ ಪ್ರಬಂಧಕ್ಕೆ ಬಂದ ಟೀಕೆ ಕಡಿಮೆಯಲ್ಲ.

ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ ಈ ಉಪನ್ಯಾಸದ ಒಲವು ಕೃಷ್ಣಪ್ಪನವರ ಕಡೆ. ಅಕ್ಕ ಬಟ್ಟೆ ಬಿಟ್ಟದ್ದು ತಾನೇ ತೀರ್ಮಾನಿಸಿ; ಅರಸನ ಹೆಂಡತಿಯಾಗಿ ಉಳಿಯುವ ಅವಕಾಶವಿದ್ದೂ ಬಿಟ್ಟು ಬಂದಳು, ಕೇಳಿದವರಿಗೆ ಕಾರಣ ಹೇಳಿದಳು. ಚಂದ್ರಗುತ್ತಿಯ ದಾರಿಯಲ್ಲಿ ನಡೆದ ಹುಡುಗಿಗೆ ಆ ತೀರ್ಮಾನದ ಅವಕಾಶ ಎಲ್ಲಿತ್ತು? ಹರಕೆ ಹೊತ್ತವರು ಮನೆಯ ಹಿರಿಯರು. ಹೊರದಿದ್ದರೆ ದೇವಿ ಮುನಿಯುತ್ತಾಳೆಂಬ ಭಯ ಊರಿನದು. ಎರಡನ್ನೂ ಭಕ್ತಿ ಎಂದು ಒಂದೇ ಉಸಿರಿಗೆ ಕರೆದರೆ ಅಕ್ಕನಿಗೂ ಅನ್ಯಾಯ, ಆ ಹುಡುಗಿಗೂ ಅನ್ಯಾಯ. ಅನಂತಮೂರ್ತಿಯವರ ಅಳುಕನ್ನು ತಳ್ಳಿಹಾಕಬೇಕೆಂದಲ್ಲ. ಗುಡ್ಡ ಹತ್ತಿ ಬಂದವರನ್ನು ಮೂಢರೆಂದು ಬೈದು ಹಿಂದೆ ಕಳಿಸಿದರೆ ಅವರು ಮತ್ತೆ ಮಾತಿಗೆ ಸಿಗುವುದಿಲ್ಲ ಎಂಬ ಎಚ್ಚರ ಆ ಪ್ರಬಂಧದಲ್ಲಿದೆ, ಅದು ತರಗತಿಗೂ ಬೇಕಾದ ಎಚ್ಚರ.

ಶಿವರುದ್ರಪ್ಪನವರ ನಂಬಿಕೆ ಇವರಿಬ್ಬರ ನಡುವೆ ಎಲ್ಲಿ ನಿಲ್ಲುತ್ತದೆ? ಸೊಲ್ಲಾಪುರದ ಸಿದ್ಧರಾಮನ ಮೇಲೆ ‘ಕರ್ಮಯೋಗಿ’ ಬರೆದವರು ಅವರು. ‘ಮಾಸ್ಕೋದಲ್ಲಿ 22 ದಿನ’ ಎಂಬ ಪ್ರವಾಸಕಥನ ಬರೆದದ್ದೂ ಅವರೇ, ‘ಗಂಗೆಯ ಶಿಖರಗಳಲ್ಲಿ’ ಬರೆದದ್ದೂ ಅವರೇ. ದೇವರಿಲ್ಲವೆಂದು ಸಾರಿದ ದೇಶಕ್ಕೂ ಹೋಗಿ ಬಂದರು, ದೇವರು ನೆಲೆಸಿರುವನೆನ್ನುವ ಹಿಮಾಲಯಕ್ಕೂ ಹೋಗಿ ಬಂದರು. ಎರಡು ಕಡೆಯೂ ಅವರ ಕಣ್ಣು ಮನುಷ್ಯರನ್ನೇ ಅರಸಿತು. ವೇದಾಂತಿಗೂ ಕವಿಗೂ ಮಾತಿಗೆ ಮಾತು ನಡೆಯುವ ಅವರ ಪದ್ಯ ‘ಮಾನಸ ಸರೋವರ’ ಸಿನಿಮಾದ ಮೂಲಕ ಮನೆಮನೆಗೆ ತಲುಪಿತು. ಗುಡಿಯೊಳಗಿನ ಕಲ್ಲಿನಲ್ಲಿ ದೇವರನ್ನು ಹುಡುಕಿ ಪಕ್ಕದ ಮನುಷ್ಯನ ಪ್ರೀತಿಯನ್ನು ಕಾಣದೆ ಹೋದೆವಲ್ಲ ಎಂಬ ಕೊರಗು ಅವರ ಹಲವು ಪದ್ಯಗಳಲ್ಲಿ ಮತ್ತೆಮತ್ತೆ ಬರುತ್ತದೆ. ‘ನನ್ನ ಹಣತೆ’ ಎಂಬ ಕವಿತೆಯಲ್ಲಿ ಅವರು ಕತ್ತಲೆಯನ್ನು ಗೆಲ್ಲುವ ಹಮ್ಮಿನಿಂದ ದೀಪ ಹಚ್ಚುವುದಿಲ್ಲ. ಒಬ್ಬರ ಮುಖ ಇನ್ನೊಬ್ಬರಿಗೆ ಕಂಡೀತೆಂಬ ಆಸೆಯಷ್ಟೇ ಅಲ್ಲಿರುವುದು. ಸುಮಾರು ಮೂವತ್ತೈದು ವರ್ಷಗಳ ಕಾಲ ಬೆಂಚುಗಳಲ್ಲಿ ಕುಳಿತ ಮುಖಗಳನ್ನು ನೋಡುತ್ತಾ ಬಂದವರಿಗೆ ಮಾತ್ರ ಹೊಳೆಯಬಹುದಾದ ಮಾತು ಅದು.

ಹೆಸರಾದವರ ಸಂಗತಿ ಇಷ್ಟಾಯಿತು. ಹೆಸರು ದಾಖಲಾಗದ ಮೇಷ್ಟ್ರುಗಳ, ಮೇಡಂಗಳ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಸೊರಬದ ಒಳಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ ಮಳೆಗಾಲ ಬಂತೆಂದರೆ ಕಾಲುಸಂಕ ದಾಟಿ ಬರುವ ಮಕ್ಕಳನ್ನು ಎಣಿಸಿ ಒಳಗೆ ಕರೆದುಕೊಳ್ಳುವುದೇ ದಿನದ ಮೊದಲ ಕೆಲಸ. ಕಂಬಳಿಕೊಪ್ಪೆ ಗೋಡೆಗೆ ನೇತುಹಾಕಿದರೆ ನೀರು ಇಳಿದು ನೆಲವೆಲ್ಲ ಒದ್ದೆ. ಹಾಜರಿ ಪುಸ್ತಕದಲ್ಲಿ ಜುಲೈ, ಆಗಸ್ಟ್ ತಿಂಗಳ ಸಾಲುಗಳು ಖಾಲಿ ಖಾಲಿ: ನಾಟಿ. ಚಳಿಗಾಲದಲ್ಲಿ ಮತ್ತೆ ಖಾಲಿ: ಅಡಿಕೆ ಕೊಯ್ಲು, ಭತ್ತದ ಒಕ್ಕಲು. ಮನೆಗೆ ಹೋಗಿ ಮಗುವನ್ನು ಕಳಿಸಿ ಎಂದು ಕೇಳಿಕೊಂಡರೆ, ಮೇಷ್ಟ್ರೇ, ಈ ವಾರ ಒಂದು ಬಿಟ್ಟುಬಿಡಿ ಎನ್ನುವ ಉತ್ತರ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಹಬ್ಬಿ, ಜಗತ್ತಿಗೇ ಹೊಸದಾದ ವೈರಸ್ಸೊಂದು ಪತ್ತೆಯಾಯಿತು. ಮಂಗನ ಕಾಯಿಲೆಯ ಭಯದ ಬೇಸಿಗೆಗಳಲ್ಲಿ ದರಗು ಗುಡಿಸಲು ಕಾಡಿಗೆ ಹೋಗಬೇಡಿ, ಉಣ್ಣೆ ಕಚ್ಚಿದ್ದರೆ ಹೇಳಿ ಎಂದು ಮಕ್ಕಳ ಮೂಲಕ ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಶಾಲೆಗಿಂತ ಒಳ್ಳೆಯ ಜಾಗ ಎಲ್ಲಿದೆ?

ಇಂಥ ಮೇಷ್ಟ್ರುಗಳಲ್ಲಿ ಹೆಚ್ಚಿನವರು ದೈವಭಕ್ತರೇ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರಿಗೆ ತಪ್ಪದೆ ಹೋಗುವವರು, ಶುಕ್ರವಾರದ ನಮಾಜಿಗೆ ಶಿರಾಳಕೊಪ್ಪದ ಮಸೀದಿಗೆ ಹೋಗಿ ಮಧ್ಯಾಹ್ನದ ಪೀರಿಯಡ್ಡಿಗೆ ಸರಿಯಾಗಿ ಮರಳುವವರು, ಇಷ್ಟಲಿಂಗ ಪೂಜೆ ಮುಗಿಸದೆ ನೀರೂ ಕುಡಿಯದವರು. ಅವರ ದೇವರು ತರಗತಿಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದ. ಒಳಗೆ ಎಲ್ಲ ಮಕ್ಕಳಿಗೂ ಒಂದೇ ಮಗ್ಗಿ, ಒಂದೇ ಏಟು, ಒಂದೇ ಪೆಪ್ಪರಮೆಂಟು. ಆ ಏಟು ಬೇಡವಾಗಿತ್ತು ಎಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಎಲ್ಲ ಮಕ್ಕಳೂ ಒಂದೇ ಎಂಬ ನಡೆ ಮಾತ್ರ ಉಳಿಯಬೇಕಿತ್ತು.

ಇನ್ನು ಸ್ನೇಹದ ಮಾತು. ಮೇಷ್ಟ್ರುಗಳ ಗೆಳೆತನ ಹೆಚ್ಚಾಗಿ ಬಸ್ಸಿನಲ್ಲಿ ಕಟ್ಟಿದ್ದು. ಸೊರಬದಿಂದ ಆನವಟ್ಟಿ, ಶಿಕಾರಿಪುರದಿಂದ ಶಿರಾಳಕೊಪ್ಪ, ದಿನಾ ಒಂದೇ ಬಸ್ಸಿನ ಒಂದೇ ಸೀಟು. ಮಗಳ ಮದುವೆಯ ಚಿಂತೆ, ಇನ್‌ಕ್ರಿಮೆಂಟಿನ ಲೆಕ್ಕ, ಹೊಸ ಪಠ್ಯಪುಸ್ತಕದ ತಪ್ಪು, ಬೇಂದ್ರೆಯೋ ಕುವೆಂಪುವೋ ಎಂಬ ಮುಗಿಯದ ವಾದ. ಒಬ್ಬರು ಲಿಂಗಾಯತರು, ಒಬ್ಬರು ಈಡಿಗರು, ಒಬ್ಬರು ಸಾಬರು, ಒಬ್ಬರು ಹವ್ಯಕರು. ಚುನಾವಣೆ ಬಂದಾಗ ನಾಲ್ವರ ಮತ ನಾಲ್ಕು ಕಡೆ. ಮೂವತ್ತು ವರ್ಷದ ನಂತರ ಅವರಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಊಟದ ಕ್ಯಾರಿಯರ್ ಹೊತ್ತು ಬರುವವರು ಉಳಿದ ಮೂವರೇ. ಹಳೆಯ ಶಿಷ್ಯ ತಹಸೀಲ್ದಾರನಾಗಿಯೋ ಲಾರಿ ಚಾಲಕನಾಗಿಯೋ ಎದುರಾದರೆ ಮೇಷ್ಟ್ರು ಕೇಳುವ ಮೊದಲ ಪ್ರಶ್ನೆ ಒಂದೇ: ನಿನ್ನ ಜೊತೆ ಕೂರುತ್ತಿದ್ದ ಆ ಇನ್ನೊಬ್ಬ ಎಲ್ಲಿದ್ದಾನೋ?

ಶಿವರುದ್ರಪ್ಪನವರಿಗೆ ‘ಚತುರಂಗ’ ಎಂಬ ಆತ್ಮಕಥನ ಬರೆಯಲು ಸಾಧ್ಯವಾಯಿತು. ಸಿದ್ಧಲಿಂಗಯ್ಯನವರು ‘ಊರುಕೇರಿ’ ಬರೆದರು. ಸೊರಬದ, ಶಿಕಾರಿಪುರದ ನೂರಾರು ನಿವೃತ್ತ ಶಿಕ್ಷಕರು ಏನನ್ನೂ ಬರೆಯದೆ ಹೋಗುತ್ತಿದ್ದಾರೆ. ಅವರೊಂದಿಗೆ ಹಳ್ಳಿಗಳ ನಾಟಿಯ ಲೆಕ್ಕ, ಜಾತ್ರೆಯ ಜಗಳ, ಮೊದಲ ಬಾರಿಗೆ ಶಾಲೆಗೆ ಬಂದ ಹೆಣ್ಣುಮಗುವಿನ ಹೆಸರು ಎಲ್ಲವೂ ಹೋಗುತ್ತಿವೆ. ಈ ದತ್ತಿಯ ಬಡ್ಡಿ ದೊಡ್ಡದೇನಲ್ಲ. ಅದರಲ್ಲಿ ಪ್ರತಿ ವರ್ಷ ಒಂದು ಉಪನ್ಯಾಸ ನಡೆಸಿ ಉಳಿಯುವ ಹಣದಲ್ಲಿ ಪದವಿ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ಹಿರಿಯ ಮೇಷ್ಟ್ರುಗಳ ಮನೆಗೆ ಕಳಿಸಬಹುದು. ಮೊಬೈಲಿನಲ್ಲಿ ಅವರ ಮಾತು ದಾಖಲಿಸಲಿ, ಹಳೆಯ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳ ಫೋಟೊ ತೆಗೆಯಲಿ, ಬರೆದಿಳಿಸಿ ಆಯಾ ಶಾಲೆಯಲ್ಲಿ ಒಂದು ಪ್ರತಿ, ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಪ್ರತಿ ಇಡಲಿ. ಈಸೂರು, ತಾಳಗುಂದ, ಆನವಟ್ಟಿ, ಚಂದ್ರಗುತ್ತಿ, ಈ ನಾಲ್ಕು ಊರುಗಳಿಂದ ಆರಂಭಿಸಬಹುದು. ಎಂಬತ್ತು ದಾಟಿದವರ ಮನೆಗೆ ಮೊದಲು ಹೋಗಬೇಕು. ಯಾರ ಮನೆಗೆ ಎಂಬ ಪಟ್ಟಿಯನ್ನು ಅವರವರ ಹಳೆಯ ವಿದ್ಯಾರ್ಥಿಗಳೇ, ಸಭೆ ಮುಗಿದ ಮೇಲೆ, ಹೊರಗಿನ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆದು ಹೋಗಲಿ.